ಹಿತ್ತಿಲ ಹುಂಜ

ಗಾಂಧಿ ಬಜಾರಿಗೆ ಎರಡು ಅಡ್ಡರಸ್ತೆಗಳ ಆಚೆ ಮನೆ ಮಾಡಿಕೊಂಡಿರುವ ಮನುಷ್ಯನೊಬ್ಬನು ಕೋಳಿಗಳನ್ನು ಸಾಕುತ್ತಾನೆಂದರೆ, ಕೇಳಿದವರು ಮೊದಲು ಅವನ ಮುಖವನ್ನು ನೋಡುತ್ತಾರೆ. ಆಮೇಲೆ ಅವನ ಅಡುಗೆಮನೆಯ ಕಡೆಗೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ತಾವು ಶಂಕಿಸಿದುದು ಯಾವುದೂ ಕಾಣದೆ ಹೋದರೆ ಅವರ ಆಶ್ಚರ್ಯವು ಇಮ್ಮಡಿಯಾಗುತ್ತದೆ. ತಿನ್ನುವುದಕ್ಕಲ್ಲದಿದ್ದರೆ ಕೋಳಿ ಯಾತಕ್ಕೆ? ಈ ಪ್ರಶ್ನೆಯನ್ನು ನನಗೆ ಹಾಕದ ನೆಂಟರಿಲ್ಲ, ಇಷ್ಟರಿಲ್ಲ. ನಾಯಿಯನ್ನು ಸಾಕಿದವನನ್ನು ಯಾರೂ ಹೀಗೆ ಕೇಳುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮೀನುಗಳನ್ನು ಬಿಟ್ಟುಕೊಂಡವನನ್ನೂ ಕೇಳುವುದಿಲ್ಲ. ಕೋಳಿಗೆ ಮಾತ್ರ ತಾನು ಬದುಕಿರುವುದಕ್ಕೆ ಒಂದು ಕಾರಣವನ್ನು ತೋರಿಸಬೇಕಾಗಿದೆ.

ನಾನಾಗಿಯೇ ಬಯಸಿ ಈ ಕೆಲಸಕ್ಕೆ ಕೈಹಾಕಿದವನಲ್ಲ. ನನ್ನ ಸೋದರಳಿಯನೊಬ್ಬನು ಬನಶಂಕರಿಯ ಆಚೆ ಒಂದು ಮಹಡಿಮನೆಯ ಬಿಸಿಲುಮಚ್ಚಿನ ಮೇಲೆ ಮೂರು ಗಿಡ್ಡಕೋಳಿಗಳನ್ನು ಸಾಕಿಕೊಂಡಿದ್ದನು. ಅವನಿಗೆ ಪುಣೆಗೆ ವರ್ಗವಾಯಿತು. ಒಂದು ಭಾನುವಾರ ಬೆಳಿಗ್ಗೆ ಬಿದಿರಿನ ಮಂಕರಿಯೊಂದನ್ನು ತಂದು ನಮ್ಮ ಜಗಲಿಯ ಮೇಲಿಟ್ಟು, “ಹದಿನೈದು ದಿನದ ಮಟ್ಟಿಗೆ, ಮಾವ, ಅಲ್ಲಿ ಮನೆ ಗೊತ್ತುಮಾಡಿಕೊಂಡು ಬಂದು ತೆಗೆದುಕೊಂಡು ಹೋಗುತ್ತೇನೆ” ಎಂದನು. ಆ ಹದಿನೈದು ದಿನಗಳಿಗೆ ಈಗ ಆರು ವರ್ಷ ತುಂಬಿದೆ. ಮಂಕರಿಯ ಬಾಯಿ ತೆಗೆದು ನೋಡಿದರೆ, ಪಾರಿವಾಳಕ್ಕಿಂತ ತುಸು ದೊಡ್ಡವಾದ ಎರಡು ಹೇಂಟೆಗಳು, ಒಂದು ಹುಂಜ. ಹುಂಜವು ಮುಕ್ಕಾಲು ಕಿಲೋಗ್ರಾಮಿಗಿಂತ ಹೆಚ್ಚು ತೂಗಲಾರದು. ಆದರೂ ಅದು ಹೊರಕ್ಕೆ ಬಂದು, ಮೈ ಕೊಡವಿ, ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ನನ್ನ ಸುತ್ತ ಅರ್ಧ ಪ್ರದಕ್ಷಿಣೆ ಬಂದ ಠೀವಿಯನ್ನು ನೋಡಿದರೆ, ಮನೆ ನನ್ನದೋ ಅದರದೋ ಎಂಬ ಸಂದೇಹ ಯಾರಿಗಾದರೂ ಬರುವಂತಿದ್ದಿತು. ಮನೆಯಾಕೆ ಬಾಗಿಲಲ್ಲಿ ನಿಂತು ಒಂದೇ ಒಂದು ಷರತ್ತನ್ನು ಹೇಳಿದಳು: “ಮೊಟ್ಟೆ ನನ್ನ ಅಡುಗೆಮನೆಯ ಹೊಸ್ತಿಲು ದಾಟಕೂಡದು.” ಅದು ಈ ದಿನದವರೆಗೂ ದಾಟಿಲ್ಲ. ಮನೆಗೆಲಸಕ್ಕೆ ಬರುವಾಕೆಯ ಮಕ್ಕಳು ಅದರಿಂದ ಪುಷ್ಟರಾಗಿದ್ದಾರೆ.

ಈ ಜಾತಿಯನ್ನು ಬ್ಯಾಂಟಮ್ ಕೋಳಿ ಎನ್ನುತ್ತಾರೆ. ಜಾವಾ ದ್ವೀಪದ ಪಶ್ಚಿಮದಲ್ಲಿ ಬಾಂತೆನ್ ಎಂಬ ರೇವು ಇದೆ. ಹಿಂದೆ ಮೆಣಸಿನ ವ್ಯಾಪಾರಕ್ಕೆ ಹೆಸರಾದ ಊರು. ಐರೋಪ್ಯ ನಾವಿಕರು ಅಲ್ಲಿ ಕಂಡ ಚಿಕ್ಕ ಕೋಳಿಗಳಿಗೆ ಊರಿನ ಹೆಸರನ್ನೇ ಕೊಟ್ಟರು. ಕ್ರಮೇಣ ಲೋಕದ ಗಿಡ್ಡಕೋಳಿಗಳಿಗೆಲ್ಲ ಅದೇ ಹೆಸರಾಯಿತು. ಇವುಗಳಲ್ಲಿ ಕೆಲವು, ದೊಡ್ಡ ಜಾತಿಗಳನ್ನೇ ತಲೆತಲಾಂತರವಾಗಿ ಆರಿಸಿ ಆರಿಸಿ ಕಿರಿದು ಮಾಡಿದುವು. ಕೆಲವಕ್ಕೆ ದೊಡ್ಡ ರೂಪವೇ ಇಲ್ಲ. ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್ ಎಂಬ ದೊರೆಯು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಸಿದ್ಧಪಡಿಸಿದ ಜಾತಿಯು ಇಂಥದು. ಅದರಲ್ಲಿ ಹುಂಜಕ್ಕೂ ಹೇಂಟೆಯಂತೆಯೇ ಪುಕ್ಕ, ಬಾಗಿದ ಉದ್ದಬಾಲವಿಲ್ಲ. ಮಲೇಷ್ಯದ ಸೆರಾಮ ಎಂಬುದು ಎಲ್ಲಕ್ಕಿಂತ ಚಿಕ್ಕದು; ಅರ್ಧ ಕಿಲೋಗ್ರಾಮನ್ನೂ ಮುಟ್ಟದು. ನನ್ನ ಕೋಳಿಗಳಿಗೆ ಇಂಥ ವಂಶಾವಳಿಯ ಹಮ್ಮು ಯಾವುದೂ ಇಲ್ಲ, ಅವು ಬೆರಕೆ. ಆದರೆ ಅವುಗಳ ಕಾಲು ಹಳದಿ. ಊರುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತತಿಯೆಂದು ಡಾರ್ವಿನನು ನಿರ್ಣಯಿಸಿದ್ದನು. ೨೦೦೮ರಲ್ಲಿ ಸ್ವೀಡನ್ನಿನ ಪಂಡಿತರ ನೇತೃತ್ವದಲ್ಲಿ ನಡೆದ ಶೋಧನೆಯೊಂದು, ಮಿಕ್ಕುದೆಲ್ಲ ಹಾಗೆಯೇ ಇದ್ದರೂ ಈ ಹಳದಿ ಚರ್ಮದ ಗುಣಾಂಶ ಮಾತ್ರ ದಕ್ಷಿಣ ಹಿಂದೂಸ್ಥಾನದ ಬೂದು ಕಾಡುಕೋಳಿಯಿಂದ ಬಂದಿತೆಂದು ತೋರಿಸಿತು. ಆ ಬೂದು ಕೋಳಿಯು ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಈಗಲೂ ಕೂಗುತ್ತದೆ. ಜಾವಾದ ಹೆಸರಿಟ್ಟುಕೊಂಡು ಬಂದ ಅತಿಥಿಯ ಕಾಲಿನಲ್ಲಿ ನಮ್ಮ ಮಲೆನಾಡಿನ ಗುರುತು ಇದೆಯೆಂದು ತಿಳಿದ ದಿನ ನನಗೆ ಆದ ಸಂತೋಷವು, ನಿಜವಾಗಿ ನೋಡಿದರೆ, ಅರ್ಥವಿಲ್ಲದ್ದು. ಆದರೂ ಆಯಿತು.

ಗೂಡಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಇದರಲ್ಲಿ ನಾನು ಮಾಡದ ತಪ್ಪಿಲ್ಲ. ನಮ್ಮ ಹಿತ್ತಿಲಲ್ಲಿ ನನ್ನ ಅಜ್ಜಿಯ ಕಾಲದ ದನದ ಕೊಟ್ಟಿಗೆಯೊಂದು, ಹಂಚಿನ ಮಾಡು ಅರೆಬರೆ ಉಳಿದು, ಹಳೆಯ ಹಂಡೆ ಮುರುಕು ಕುರ್ಚಿಗಳಿಗೆ ಆಶ್ರಯವಾಗಿದ್ದಿತು. ಅದರಲ್ಲಿ ಆರಡಿ ಉದ್ದ ನಾಲ್ಕಡಿ ಅಗಲದ ಜಾಗವನ್ನು ಬಿಡಿಸಿ, ಅಂಗಡಿಯವನು ಕೋಳಿಬಲೆಯೆಂದು ಕೊಟ್ಟ ಅಂಗುಲದ ಕಣ್ಣಿನ ತಂತಿಬಲೆಯನ್ನು ಸುತ್ತ ಬಡಿಸಿದೆನು. ಕೋಳಿಬಲೆಯೆಂದರೆ ಕೋಳಿಯು ಹೊರಗೆ ಹೋಗದಂತೆ ತಡೆಯುವ ಬಲೆಯೇ ಹೊರತು, ಶತ್ರುವು ಒಳಗೆ ಬರದಂತೆ ತಡೆಯುವುದಲ್ಲವೆಂಬುದು ನನಗೆ ಆಗ ಹೊಳೆಯಲಿಲ್ಲ. ಧನುರ್ಮಾಸದ ಚಳಿಗೆ ಪಾಪ, ಈ ಚಿಕ್ಕ ಜೀವಗಳು ನಡುಗಿಯಾವೆಂದು ಗೋಣಿತಟ್ಟುಗಳನ್ನು ನಾಲ್ಕು ಕಡೆಗೂ ಬಿಗಿಯಾಗಿ ಕಟ್ಟಿದೆನು. ಮೂರನೆಯ ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನವಸಾಗರದ ಘಾಟು ಮೂಗಿಗೆ ಹೊಡೆಯಿತು. ಹೇಂಟೆಯೊಂದು ಕಣ್ಣಲ್ಲಿ ನೀರು ಸುರಿಸುತ್ತ ಸೀನುತ್ತಿದ್ದಿತು. ಪುಕ್ಕವನ್ನು ಹೊದ್ದ ಪ್ರಾಣಿಗೆ ಬೆಂಗಳೂರಿನ ಚಳಿಯು ಒಂದು ಲೆಕ್ಕವಲ್ಲ; ಅದಕ್ಕೆ ಆಗದಿರುವುದು ತೇವ, ಮತ್ತು ತನ್ನ ಹಿಕ್ಕೆಯಿಂದಲೇ ಏಳುವ ಹಬೆ. ಗಾಳಿಯು ಕೋಳಿಯ ತಲೆಯ ಮೇಲಿನಿಂದ ಹಾಯಬೇಕು, ಮೈಗೆ ನೇರವಾಗಿ ಬಡಿಯಬಾರದು. ಇಷ್ಟು ತಿಳಿದುಕೊಳ್ಳಲು ನನಗೆ ಒಂದು ಚಳಿಗಾಲವೂ ಆ ಹೇಂಟೆಗೆ ಹತ್ತು ದಿನದ ನೆಗಡಿಯೂ ಬೇಕಾಯಿತು.

ಈಗಿರುವ ಗೂಡಿನ ನೆಲವು ಭೂಮಿಯಿಂದ ಒಂದೂವರೆ ಅಡಿ ಮೇಲಿದೆ. ಬಾಗಿಲು ಮೂಡಲಿಗೆ, ಪಡುವಣ ಮಳೆ ಬೆನ್ನಿಗೆ ಹೊಡೆದು ಹೋಗುತ್ತದೆ. ಅರ್ಧ ಅಂಗುಲದ ಕಣ್ಣಿನ ಗಟ್ಟಿ ಬಲೆಯು ಗೋಡೆಯುದ್ದಕ್ಕೂ ಇಳಿದು, ನೆಲದೊಳಗೆ ಒಂದಡಿ ಹೊರಮುಖವಾಗಿ ಮಡಿಸಿಕೊಂಡಿದೆ. ಹೆಗ್ಗಣವು ಗೋಡೆಯ ಬುಡದಲ್ಲಿಯೇ ತೋಡುತ್ತದೆ, ಒಂದಡಿ ಹಿಂದೆ ಸರಿದು ತೋಡಬೇಕೆಂಬ ಬುದ್ಧಿ ಅದಕ್ಕೆ ಬರುವುದಿಲ್ಲ. ಒಳಗೆ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ. ಒಂದು ಮೂಲೆಯಲ್ಲಿ ಬೂದಿ ಬೆರೆಸಿದ ಮಣ್ಣಿನ ಬಾನಿ. ಕೋಳಿಯ ಅಭ್ಯಂಗನವು ನೀರಿನಲ್ಲಲ್ಲ, ಧೂಳಿನಲ್ಲಿ. ಹೇನುಗಳನ್ನು ಕಳೆದುಕೊಳ್ಳುವ ಉಪಾಯವೂ ಅದೇ. ಕೂರುವ ಅಡ್ಡಕೋಲನ್ನು ಎರಡಡಿಯ ಎತ್ತರದಲ್ಲಿಟ್ಟಿದ್ದೇನೆ. ಗಿಡ್ಡಕೋಳಿಯು ಹಗುರವಾದುದರಿಂದ ಹಾರಬಲ್ಲುದು, ಚೆನ್ನಾಗಿಯೇ ಹಾರಬಲ್ಲುದು. ಮೊದಲ ವರ್ಷ ನಮ್ಮ ಹುಂಜವು ಸಂಜೆಯಾದೊಡನೆ ಎದುರುಮನೆಯ ಸಂಪಿಗೆಮರವನ್ನೇರಿ ಕುಳಿತು, ಅದನ್ನು ಇಳಿಸುವುದಕ್ಕೆ ನಾನು ಏಣಿಯೊಡನೆ ಬೀದಿ ದಾಟುವುದು ಮಕ್ಕಳಿಗೆ ನಿತ್ಯದ ನಾಟಕವಾಗಿದ್ದಿತು. ರಾಗಿ, ನವಣೆ, ಅಕ್ಕಿನುಚ್ಚು ಅವುಗಳ ಆಹಾರ. ಸೊಪ್ಪಿಗೆ ಖರ್ಚಿಲ್ಲ, ಬಜಾರಿನ ಸೊಪ್ಪಿನವರು ಬಾಡಿದ ಕೊತ್ತಂಬರಿ, ದಂಟಿನ ಎಲೆ, ಅವರೆಯ ಕಾಲದಲ್ಲಿ ಹುಳುಕು ಕಾಯಿ ಎಲ್ಲವನ್ನೂ ನನ್ನ ಚೀಲಕ್ಕೆ ತುಂಬುತ್ತಾರೆ. ಕೊಕ್ಕರೆ ರೋಗವೆಂದು ಹಳ್ಳಿಯವರು ಕರೆಯುವ ರಾಣಿಖೇತ್ ಜಾಡ್ಯಕ್ಕೆ ಮರಿಗಳಿದ್ದಾಗಲೇ ಕಣ್ಣಿಗೆ ಹನಿಮದ್ದು ಹಾಕಿಸಬೇಕು. ಅದನ್ನು ತಪ್ಪಿಸಿದವರು ಒಂದು ಬೆಳಿಗ್ಗೆ ಬರಿಯ ಗೂಡನ್ನು ನೋಡುತ್ತಾರೆ.

ಎದುರುಮನೆಯ ರಾಯರು ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಸಂಪಿಗೆಮರವು ಅವರದು. ಮೊದಲ ವಾರದಲ್ಲಿಯೇ ಅವರು ಜಗಲಿಗೆ ಬಂದು ಕುಳಿತು, “೧೮೯೮ರಲ್ಲಿ ಪ್ಲೇಗು ಬಂದಿತೆಂದು, ಇಕ್ಕಟ್ಟಾದ ಪೇಟೆಯಿಂದ ಜನರನ್ನು ತರುವುದಕ್ಕೆ ಈ ಬಸವನಗುಡಿಯನ್ನೂ ಆ ಮಲ್ಲೇಶ್ವರವನ್ನೂ ಅಳೆದು ಕಟ್ಟಿದರು. ಇಲಿಗೆ ಹೆದರಿ ಕಟ್ಟಿದ ಬಡಾವಣೆಗೆ ನೀವು ಕಾಳು ಚೆಲ್ಲಿ ಇಲಿಗಳನ್ನು ಕರೆಯುತ್ತಿದ್ದೀರಲ್ಲ, ಸ್ವಾಮಿ!” ಎಂದರು. ಮಾತಿನಲ್ಲಿ ಸತ್ಯವಿದ್ದಿತು. ಅಂದಿನಿಂದ ಕಾಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಸಂಜೆ ಉಳಿದ ಮೇವನ್ನು ಗುಡಿಸಿ ತೆಗೆಯುತ್ತಿದ್ದೇನೆ. ಅವರ ಎರಡನೆಯ ದೂರು ಕೂಗಿನದು. ಹನುಮಂತನಗರದ ಗುಡ್ಡದ ಮೇಲೆ ಕುಮಾರಸ್ವಾಮಿಯಿದ್ದಾನೆ, ಅವನ ಧ್ವಜದ ಮೇಲೆ ಇರುವುದು ಯಾವ ಪಕ್ಷಿ ಎಂದು ನಾನು ಕೇಳಿದೆನು. “ಧ್ವಜದ ಮೇಲಿನದು ಕೂಗುವುದಿಲ್ಲ” ಎಂದರು. ಬೆಳಕು ಕಂಡು ಕೂಗುವುದಾದರೆ ಗೂಡನ್ನು ಕತ್ತಲೆ ಮಾಡಿಬಿಡೋಣವೆಂದು ನೋಡಿದೆನು, ಪ್ರಯೋಜನವಾಗಲಿಲ್ಲ. ಹುಂಜದ ಒಳಗೇ ಒಂದು ಗಡಿಯಾರವಿದೆಯೆಂದೂ, ಕತ್ತಲೆಯಲ್ಲಿ ಕೂಡಿಹಾಕಿದರೂ ಅದು ಅರುಣೋದಯಕ್ಕೆ ಮುಂಚೆ ಕೂಗುವುದೆಂದೂ ಜಪಾನಿನ ನಗೋಯ ನಗರದ ವಿದ್ವಾಂಸರು ೨೦೧೩ರಲ್ಲಿ ತೋರಿಸಿದ್ದಾರೆ. ಎರಡು ವರ್ಷಗಳ ತರುವಾಯ ಅವರೇ ಇನ್ನೊಂದು ಸಂಗತಿಯನ್ನು ಹೇಳಿದರು: ಹಲವು ಹುಂಜಗಳಿರುವಲ್ಲಿ ಅಗ್ರಸ್ಥಾನದ್ದು ಮೊದಲು ಕೂಗುತ್ತದೆ, ಉಳಿದುವು ತಮ್ಮ ತಮ್ಮ ಮರ್ಯಾದೆಯ ಅನುಕ್ರಮದಲ್ಲಿ ಅದನ್ನು ಅನುಸರಿಸುತ್ತವೆ. ಇದನ್ನೆಲ್ಲ ವಿವರಿಸಿದಾಗ ರಾಯರು ನಕ್ಕು, ತನ್ನ ಕೋಳಿ ಕೂಗದೆ ಊರಿಗೆ ಬೆಳಗಾಗದೆಂದು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟ ಮುದುಕಿಯ ಕಥೆಯನ್ನು ನೆನೆದು, “ನೀವೂ ಒಮ್ಮೆ ಹಾಗೆ ಹೊರಟು ನೋಡಿ, ಬಸವನಗುಡಿಗೆ ಬೆಳಗಾಗುತ್ತದೆಯೋ ಇಲ್ಲವೋ ನಾನು ತಿಳಿಸುತ್ತೇನೆ” ಎಂದರು. ಕೊನೆಗೆ ಕೈಗೂಡಿದ ಉಪಾಯವು ಬಹು ಸಣ್ಣದು: ಹುಂಜವು ಕೂಗಬೇಕಾದರೆ ಕತ್ತನ್ನು ಮೇಲಕ್ಕೆ ನಿಗುರಿಸಬೇಕು, ರಾತ್ರಿ ಮಲಗುವುದಕ್ಕೆ ತಗ್ಗಾದ ಪೆಟ್ಟಿಗೆ ಕೊಟ್ಟರೆ ಕೂಗು ಅರ್ಧಕ್ಕೆ ನಿಲ್ಲುತ್ತದೆ. ರಾಯರು ಈಗ ಆರು ಗಂಟೆಯವರೆಗೆ ನಿದ್ದೆ ಮಾಡುತ್ತಾರೆ. ಸಂಜೆ ಮೊಮ್ಮಗನನ್ನು ಕರೆತಂದು ಗೂಡಿನ ಮುಂದೆ ಕುರ್ಚಿ ಹಾಕಿಕೊಳ್ಳುವುದೂ ಉಂಟು.

ಇಲ್ಲಿಗೆ ನಿಂತಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ಮೂರನೆಯ ವರ್ಷದ ಕಾರ್ತಿಕದಲ್ಲಿ ಹೇಂಟೆಯೊಂದು ಕಾವಿಗೆ ಕುಳಿತಿತು. ಗಿಡ್ಡಕೋಳಿಗಳಿಗೆ ಈ ಹಟ ಹೆಚ್ಚು. ಎಂಟು ಮೊಟ್ಟೆಗಳನ್ನು ಇಟ್ಟೆನು. ದಿನಕ್ಕೊಮ್ಮೆ, ಕಾಲುಗಂಟೆಯ ಹೊತ್ತು, ಎದ್ದು ಬಂದು ಅವಸರವಾಗಿ ನಾಲ್ಕು ಕಾಳು ತಿಂದು ನೀರು ಕುಡಿದು ಮರಳುವುದು. ಮಿಕ್ಕ ಹೊತ್ತೆಲ್ಲ ಕಣ್ಣು ಅರೆಮುಚ್ಚಿ, ಮೈಯನ್ನು ಅಗಲಿಸಿಕೊಂಡು, ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಮೆಲ್ಲಗೆ ಹೊರಳಿಸುತ್ತ ಕುಳಿತಿರುವುದು. ಆ ತಪಸ್ಸನ್ನು ನೋಡುತ್ತ ನಾನೂ ಎಷ್ಟೋ ಮಧ್ಯಾಹ್ನಗಳನ್ನು ಕಳೆದೆನು. ಕಡಲೆಕಾಯಿ ಪರಿಷೆಯ ಮರುದಿನ, ಬೀದಿಯಲ್ಲಿ ಇನ್ನೂ ಸಿಪ್ಪೆಗಳನ್ನು ಗುಡಿಸುತ್ತಿದ್ದಾಗ, ಏಳು ಮರಿಗಳು ಹೊರಕ್ಕೆ ಬಂದವು. ದೊಡ್ಡ ನಿಂಬೆಹಣ್ಣಿಗಿಂತ ಹೆಚ್ಚಿರಲಿಲ್ಲ ಒಂದೊಂದು. ಆಗ ಇನ್ನೂ ಆ ಅಂಗುಲದ ಕಣ್ಣಿನ ಬಲೆಯೇ ಇದ್ದಿತು. ಐದನೆಯ ರಾತ್ರಿ ಏನೋ ಕಿರುಚಿದ ಸದ್ದಾಯಿತು. ದೀಪ ಹಿಡಿದು ಹೋಗಿ ನೋಡಿದರೆ ಬಲೆಗೆ ಒತ್ತಿಕೊಂಡು ಮಲಗಿದ್ದ ಒಂದು ಮರಿಯನ್ನು ಹೆಗ್ಗಣವು ಹೊರಗಿನಿಂದಲೇ ಹಿಡಿದು ಎಳೆದಿದ್ದಿತು. ಬಲೆಯ ಮೇಲೆ ಉಳಿದಿದ್ದುದನ್ನು ಇಲ್ಲಿ ಬರೆಯಲಾರೆ. ಮರುದಿನವೇ ಹೊಸ ಬಲೆ ಬಂದಿತು.

ಉಳಿದುವು ಆರು. ಸಂಕ್ರಾಂತಿಯ ಹೊತ್ತಿಗೆ ನಾಲ್ಕರ ತಲೆಯ ಮೇಲೆ ಜುಟ್ಟು ಕೆಂಪಾಯಿತು. ಶಿವರಾತ್ರಿಯ ಜಾಗರಣೆಯ ಬೆಳಗಿನ ಜಾವ ಅವುಗಳಲ್ಲೊಂದು, ಒಡೆದ ತುತ್ತೂರಿಯಂತೆ, ತನ್ನ ಮೊದಲ ಕೂಗನ್ನು ಕೂಗಿತು. ಮನೆಯವರೆಲ್ಲ ನಕ್ಕೆವು. ಎರಡು ವಾರಗಳಲ್ಲಿ ನಗು ನಿಂತಿತು. ತಂದೆಯೂ ಮಕ್ಕಳೂ, ಅಣ್ಣನೂ ತಮ್ಮನೂ ರಕ್ತ ಬರುವಂತೆ ಕಾದಾಡಲಾರಂಭಿಸಿದವು. ಒಂದು ಗೂಡಿಗೆ ಒಂದು ಹುಂಜ. ಆರು ಅಡಿಯ ಗೂಡಿನಲ್ಲಿ ಐದು ಹುಂಜಗಳಿಗೆ ಸ್ಥಳವಿಲ್ಲ. ಹೇಂಟೆಗಳನ್ನು ಕೊಡುತ್ತೇನೆಂದರೆ ಕೇಳುವವರು ಹಲವರಿದ್ದರು. ಹುಂಜವನ್ನು ಸಾಕುವುದಕ್ಕಾಗಿ ಕೇಳುವವರು ಯಾರು? ಕೇಳುವವರು ಬೇರೆಯವರು, ಅವರ ಉದ್ದೇಶವೂ ಬೇರೆ. ಅದರಲ್ಲಿಯೂ ಯುಗಾದಿ ಹತ್ತಿರ ಬರುತ್ತಿದ್ದಿತು. ಯುಗಾದಿಯ ಮರುದಿನ ಹೊಸತೊಡಕು; ಹಳೆಯ ಮೈಸೂರು ಸೀಮೆಯಲ್ಲಿ ಅಂದು ಯಾವ ಮನೆಯಲ್ಲಿ ಏನು ಬೇಯುವುದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇದು ನನ್ನೊಬ್ಬನ ಹಿತ್ತಿಲಿನ ತೊಡಕಲ್ಲವೆಂದು ಓದಿ ತಿಳಿದುಕೊಂಡೆನು. ಮೊಟ್ಟೆಗಾಗಿ ಕೋಳಿಗಳನ್ನು ಬೆಳೆಸುವ ದೊಡ್ಡ ಉದ್ಯಮದಲ್ಲಿ ಗಂಡುಮರಿಗೆ ಬೆಲೆಯಿಲ್ಲ. ಹುಟ್ಟಿದ ದಿನವೇ ಅದನ್ನು ಕೊಲ್ಲುವುದು ಲೋಕದ ಅನೇಕ ಕಡೆ ನಡೆದುಬಂದ ರೂಢಿ. ಜರ್ಮನಿಯು ೨೦೨೨ರ ಮೊದಲ ದಿನದಿಂದ ಅದನ್ನು ಕಾನೂನಿನಿಂದ ನಿಲ್ಲಿಸಿತು. ಅಲ್ಲೀಗ ಮೊಟ್ಟೆಯೊಳಗಿರುವಾಗಲೇ ಗಂಡುಹೆಣ್ಣುಗಳನ್ನು ಗುರುತಿಸುತ್ತಾರೆ. ನಾನು ದೊಡ್ಡ ಉದ್ಯಮದವನಲ್ಲ, ಮೊಟ್ಟೆಯನ್ನೂ ತಿನ್ನುವವನಲ್ಲ. ಬರಿಯ ಪ್ರೀತಿಗಾಗಿ ಸಾಕಿದವನು. ಪ್ರೀತಿಯೂ ಅದೇ ಲೆಕ್ಕಕ್ಕೆ ಬಂದು ನಿಂತಿತ್ತು.

ಈ ಪೇಚಾಟವನ್ನು ರಾಯರ ಮುಂದೆ ಹೇಳಿಕೊಂಡಾಗ ಅವರು ನಗಲಿಲ್ಲ. ಜನ್ನನ ಯಶೋಧರ ಚರಿತೆಯನ್ನು ನೆನಪು ಮಾಡಿದರು. ೧೨೦೯ರಲ್ಲಿ ರಚಿತವಾದ ಆ ಕಾವ್ಯದ ಕಥೆಯನ್ನು ವಾಚಕರು ಬಲ್ಲರು. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿಯು ಒತ್ತಾಯಪಡಿಸಲು, ಜೀವವನ್ನು ಕೊಲ್ಲಲೊಲ್ಲದ ಅರಸನು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಕಡಿದಾಗ ಹಿಟ್ಟಿನ ಕೋಳಿಯು ಕೂಗುತ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಸಾಯುತ್ತಾರೆ. ಕಡೆಯಲ್ಲಿ ಒಂದು ಜೊತೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ವಿದ್ಯಾರ್ಥಿದೆಸೆಯಲ್ಲಿ ನನಗೆ ಈ ದಂಡನೆಯು ಅತಿಯೆಂದು ತೋರಿದ್ದಿತು. ಹಿಟ್ಟಿಗೆ ಇಷ್ಟೆಲ್ಲವೇ? ಆ ಸಂಜೆ ಹಾಗೆ ತೋರಲಿಲ್ಲ. ಅರಸನು ಹಿಟ್ಟಿನ ಕೋಳಿಯನ್ನು ಕಡಿದು ಜೀವದ ಪಾಪವನ್ನು ಹೊತ್ತನು. ನಾನು ಜೀವವಿರುವ ಕೋಳಿಗಳನ್ನು ಇನ್ನೊಬ್ಬರ ಕೈಗಿತ್ತು, ನನ್ನ ಪಾಲಿಗೆ ಹಿಟ್ಟಿನಷ್ಟೂ ಪಾಪವಿಲ್ಲವೆಂದು ಲೆಕ್ಕ ಹಾಕಲು ಹೊರಟಿದ್ದೆನು.

ಮನೆಯಾಕೆಯು ಒಳಗಿನಿಂದ ಈ ಮಾತುಗಳನ್ನು ಕೇಳುತ್ತಿದ್ದಳೆಂದು ತೋರುತ್ತದೆ. ಕಾಫಿಯ ಲೋಟಗಳನ್ನು ತಂದಿಟ್ಟು, “ಇದೇ ಕೊಟ್ಟಿಗೆಯಲ್ಲಿ ಅಜ್ಜಿಯವರ ಕಾಲದಲ್ಲಿ ಹಸುಗಳಿದ್ದುವಲ್ಲ, ಗಂಡುಕರುಗಳೆಲ್ಲ ಏನಾದುವು?” ಎಂದು ಕೇಳಿದಳು. ನಾನೂ ರಾಯರೂ ಕಾಫಿಯನ್ನು ನೋಡುತ್ತ ಕುಳಿತೆವು. ನನ್ನ ಬಾಲ್ಯದಲ್ಲಿ ಕರುವೊಂದನ್ನು ಹಗ್ಗ ಕಟ್ಟಿ ಯಾರೋ ಕರೆದೊಯ್ದುದು ನೆನಪಿದೆ. ಎಲ್ಲಿಗೆಂದು ನಾವು ಯಾರೂ ಕೇಳಿರಲಿಲ್ಲ. ಬಸವನಿಗೆ ಗುಡಿ ಕಟ್ಟಿರುವ ಊರಿನಲ್ಲಿ.

ಹುಂಜಗಳನ್ನು ಕೊಡಲೇಬೇಕಾಗಿದ್ದಿತು, ಕೊಟ್ಟೆನು. ಮೊದಲು ಬಂದವನು ಒಬ್ಬ ಯುವಕ. ತನಗೆ ತೋಟವಿದೆಯೆಂದೂ, ಮಕ್ಕಳಂತೆ ಸಾಕುತ್ತೇನೆಂದೂ, ಕೊಲ್ಲುವ ಮಾತೇ ಇಲ್ಲವೆಂದೂ ನಾನು ಕೇಳುವ ಮುನ್ನವೇ ಆಣೆಯಿಟ್ಟನು. ಎರಡನ್ನು ಒಯ್ದನು. ಒಂದು ತಿಂಗಳು ಬಿಟ್ಟು ದೂರವಾಣಿಯಲ್ಲಿ ವಿಚಾರಿಸಿದಾಗ, “ಚೆನ್ನಾಗಿವೆ ಸಾರ್” ಎಂದನು. ಎಷ್ಟು ಇವೆಯೆಂದು ನಾನು ಕೇಳಲಿಲ್ಲ. ಕೇಳದಿದ್ದುದು ಅವನ ಮೇಲಿನ ನಂಬಿಕೆಯಿಂದಲ್ಲ.

ಎರಡನೆಯವಳು ಬಜಾರಿನಲ್ಲಿ ನಮಗೆ ದಿನವೂ ಹೂವು ಕೊಡುವ ಮುದುಕಿ. ಕನಕಪುರದ ಕಡೆಯ ಹಳ್ಳಿಯವಳು. ಅವಳು ಹುಂಜಗಳನ್ನು ನೋಡಿ, ಒಂದನ್ನೆತ್ತಿ ಕಾಲಿನ ಮುಳ್ಳನ್ನು ಮುಟ್ಟಿ, ಕೆಳಗಿಟ್ಟು ಹೇಳಿದಳು: “ಈಗ ಬೇಡ ಬುದ್ಧಿ. ಹೊಸತೊಡಕು ಮುಂದೈತೆ. ಈಗ ಮನೆಗೆ ಒಯ್ದರೆ ನನ್ನ ಮಕ್ಕಳು ಬಿಡಾಕಿಲ್ಲ. ಹಬ್ಬ ಕಳೀಲಿ, ಆಮ್ಯಾಕೆ ಕೊಡಿ, ನಾನು ನೋಡ್ಕೋತೀನಿ. ಆದರೆ ಊರಮ್ಮನ ಹಬ್ಬಕ್ಕೆ ಏನಾಯ್ತದೋ, ಅದಕ್ಕೆ ನಾನು ಮಾತು ಕೊಡಾಕಿಲ್ಲ.” ಮೂರು ವಾರಗಳ ಕಾಲ ಆ ಎರಡು ಹುಂಜಗಳನ್ನು ಎರಡು ಮಂಕರಿಗಳ ಕೆಳಗೆ ಬೇರೆಬೇರೆಯಾಗಿ ಇಟ್ಟುಕೊಂಡೆನು. ಹಬ್ಬ ಕಳೆದ ನಾಲ್ಕನೆಯ ದಿನ ಅವಳು ಬಂದು ಕಾಲು ಕಟ್ಟಿ ಬುಟ್ಟಿಯಲ್ಲಿಟ್ಟುಕೊಂಡು, ಮೇಲೆ ಬಾಳೆಯೆಲೆ ಮುಚ್ಚಿ, ಬಸ್ಸಿಗೆ ನಡೆದಳು.

ಆಮೇಲೆ ನಾನು ಮರಿ ಮಾಡಿಸಿಲ್ಲ. ಕಾವಿಗೆ ಕುಳಿತ ಹೇಂಟೆಯ ಕೆಳಗಿನಿಂದ ದಿನವೂ ಮೊಟ್ಟೆಯನ್ನು ತೆಗೆಯುತ್ತೇನೆ. ತಳಕ್ಕೆ ಗಾಳಿಯಾಡುವ ತಂತಿಯ ಪಂಜರದಲ್ಲಿ ನಾಲ್ಕು ದಿನ ಇಟ್ಟರೆ ಕಾವು ಇಳಿಯುತ್ತದೆಂದು ತಿಳಿದವರು ಹೇಳಿದುದು ನಿಜ. ಆದರೆ ಆ ನಾಲ್ಕು ದಿನ ಅದು ಬರಿಯ ತಂತಿಯ ಮೇಲೆ ಮೈ ಹರಡಿಕೊಂಡು, ಇಲ್ಲದ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಿರುತ್ತದೆ. ಅದನ್ನು ನೋಡದಿರಲೆಂದು ನಾನು ಪಂಜರವನ್ನು ಗೋಡೆಯ ಮರೆಗೆ ಇಟ್ಟಿದ್ದೇನೆ. ಹಳೆಯ ಹುಂಜಕ್ಕೆ ವಯಸ್ಸಾಯಿತು. ಪೆಟ್ಟಿಗೆಯ ಅಗತ್ಯವಿಲ್ಲದಷ್ಟು ಅದರ ದನಿ ಇಳಿದಿದೆ. ಅದು ಒಂದು ಬೆಳಿಗ್ಗೆ ಕೂಗದಿದ್ದರೆ ರಾಯರು ಬೀದಿ ದಾಟಿ ಬಂದು ಏಕೆಂದು ವಿಚಾರಿಸುತ್ತಾರೆ.

ಕಳೆದ ಶ್ರಾವಣದಲ್ಲಿ ಹೂವಿನ ಮುದುಕಿಯು ಮಲ್ಲಿಗೆಯನ್ನು ಮೊಳ ಹಾಕುತ್ತ, ಕೇಳದೆಯೇ ಹೇಳಿದಳು. ಕೆಂಪನೆಯದು ಚೆನ್ನಾಗಿದೆಯಂತೆ, ರಾತ್ರಿ ಗೂಡಿಗೆ ಬಾರದೆ ಹುಣಿಸೆಮರವನ್ನೇ ಹತ್ತುತ್ತದಂತೆ, ಹಗಲು ದೊಡ್ಡ ಕೋಳಿಗಳನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದಂತೆ. ಇನ್ನೊಂದರ ಮಾತನ್ನು ಅವಳು ಎತ್ತಲಿಲ್ಲ. “ಅದರ ಜಾತಿದು ಒಂದು ಹೇಂಟೆ ಇದ್ರೆ ಕೊಡಿ ಬುದ್ಧಿ, ಒಂಟಿಯಾಗೈತೆ” ಎಂದಳು.

ಮಾರನೆಯ ದಿನ ಬೆಳಿಗ್ಗೆ, ಕಾವು ಕುಳಿತಿದ್ದ ಹೇಂಟೆಯನ್ನು ತಂತಿಯ ಪಂಜರದಿಂದ ತೆಗೆದು, ಮಂಕರಿಗೆ ಹೊಟ್ಟು ಹಾಸಿ, ಅದರಡಿಯಲ್ಲಿ ಆ ವಾರ ಎತ್ತಿಟ್ಟಿದ್ದ ಐದು ಮೊಟ್ಟೆಗಳನ್ನು ಇಟ್ಟು, ಬಜಾರಿಗೆ ಹೊತ್ತುಕೊಂಡು ಹೋದೆನು.